ತೊಡೆಯಷ್ಟು ದಪ್ಪದ ಹಾವು

“ಅದರ ಮೈ ನನ್ನ ತೊಡೆಯಷ್ಟು ದಪ್ಪ ಕಣಯ್ಯ,” ಎಂದು ಬೈಲಪ್ಪ ಹುತ್ತಕ್ಕೆ ಬೆನ್ನು ಕೊಟ್ಟು ನಿಂತು ಹೇಳಿದ.

ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅವನ ಹೆಂಡತಿ ಮುನಿಗಂಗಮ್ಮ ತಲೆ ಎತ್ತದೆ, “ಮುಂಗೈಯಷ್ಟು ಅನ್ನು,” ಎಂದಳು.

ಅಳತೆಯ ಟೇಪಿನ ಒಂದು ತುದಿಯನ್ನು ಕಾಂಪೌಂಡಿನ ಮೂಲೆಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದುಕೊಂಡು ಬಂದಿದ್ದ ಮಗ ಕೆಂಪರಾಜ್ ಅಪ್ಪನ ಹೊಟ್ಟೆಯ ಮುಂದೆ ನಿಂತ. ಟೇಪು ಮುಂದೆ ಹೋಗಬೇಕಾದರೆ ಒಂದೋ ಅಪ್ಪ ಸರಿಯಬೇಕಿತ್ತು, ಇಲ್ಲವೇ ಹುತ್ತ ಸರಿಯಬೇಕಿತ್ತು. ಇಬ್ಬರೂ ಸರಿಯುವ ಜಾತಿಯವರಲ್ಲ.

ಜೋಗುಪಾಳ್ಯದಲ್ಲಿ ಬೈಲಪ್ಪನಷ್ಟು ದೊಡ್ಡ ಮಾತಿನ ಮನುಷ್ಯ ಹಿಂದೆ ಹುಟ್ಟಿರಲಿಲ್ಲ. ಮುಂದೆ ಹುಟ್ಟೋಣವೆಂದರೆ ಜಾಗವಿರಲಿಲ್ಲ, ಇದ್ದ ಜಾಗವನ್ನೆಲ್ಲ ಅವನ ಮಾತೇ ತುಂಬಿಕೊಂಡಿತ್ತು. ಬೆಳಗ್ಗೆ ಎದ್ದು ಅವನು ಒಂದು ಸಲ ಕೆಮ್ಮಿದರೆ ಹಲಸೂರು ಕೆರೆಯ ಹಕ್ಕಿಗಳು ಈ ದಡದಿಂದ ಆ ದಡಕ್ಕೆ ಹಾರಿಹೋಗುತ್ತಿದ್ದವು. ಇಂದಿರಾನಗರದ ನೂರಡಿ ರಸ್ತೆ ಅವನ ಅಪ್ಪನ ಬದನೆಕಾಯಿ ಮಡಿ. ಅಡ್ಡರಸ್ತೆಗಳೆಲ್ಲ ಅವರ ಮನೆಯ ಎಮ್ಮೆಗಳು ನಡೆದೂ ನಡೆದೂ ಬಿದ್ದ ದಾರಿಗಳು, ಸರ್ಕಾರದವರು ಬಂದು ಸುಮ್ಮನೆ ಟಾರು ಹಾಕಿಕೊಂಡರು. ಎಚ್.ಎ.ಎಲ್. ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಕೂಡ ಅವನ ಹಿತ್ತಲ ತೆಂಗಿನಮರವನ್ನು ನೋಡಿಕೊಂಡೇ ದಾರಿ ಹಿಡಿಯುತ್ತಿದ್ದವು. ಆ ಮರ ಕಡಿದರೆ ಅವು ಸೀದಾ ಹೊಸಕೋಟೆಯ ಹೊಲದಲ್ಲಿ ಇಳಿದು ಜನರನ್ನು ದಾರಿ ಕೇಳಬೇಕಾಗಿತ್ತು.

ಇಂಥ ಮಾತನ್ನು ಕತ್ತರಿಸಿ, ಮನೆಯೊಳಗೆ ಹಿಡಿಸುವಷ್ಟು ಮಾಡುವುದು ಮುನಿಗಂಗಮ್ಮನ ಕೆಲಸ. ಮದುವೆಯಾದಂದಿನಿಂದ ಅವಳು ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅವನು ಗಾಡಿ ತುಂಬ ಎಂದರೆ ಅವಳು ಬುಟ್ಟಿ ತುಂಬ ಎನ್ನುವಳು. ಅವನು ಹುಲಿ ಎಂದರೆ ಅವಳು ನಾಯಿ ಎನ್ನುವಳು, ಅದೂ ಕುಂಟನಾಯಿ. ಬೀದಿಯವರು ಬೈಲಪ್ಪನ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ ಮುನಿಗಂಗಮ್ಮನ ಕಡೆ ತಿರುಗಿ ಅವಳ ಲೆಕ್ಕವನ್ನು ಕೇಳಿಕೊಂಡು ಮನೆಗೆ ಹೋಗುತ್ತಿದ್ದರು. ಕೆಂಪರಾಜನಂತೂ ತೊಟ್ಟಿಲಲ್ಲಿ ಇದ್ದಾಗಿನಿಂದ ಅಮ್ಮನ ಅಳತೆಯನ್ನೇ ನಂಬಿ ಬೆಳೆದವನು. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅವನ ಕೈಯಲ್ಲಿ ಯಾವಾಗಲೂ ಒಂದು ಟೇಪು ಇರುತ್ತಿತ್ತು.

ಜಮೀನೆಲ್ಲ ಬಡಾವಣೆಗೆ ಹೋದ ಮೇಲೆ ಅವರಿಗೆ ಉಳಿದದ್ದು ಮನೆ, ಮನೆಯ ಪಕ್ಕದ ಬಾಡಿಗೆ ಕೋಣೆಗಳ ಸಾಲು, ಹಿಂದೆ ಇಷ್ಟಗಲದ ಹಿತ್ತಲು. ಹಿತ್ತಲ ಮೂಲೆಯಲ್ಲಿ ಹುತ್ತ. ಬೈಲಪ್ಪನ ಪ್ರಕಾರ ಅದು ಒಂದು ಕಾಲಕ್ಕೆ ನಂದಿಬೆಟ್ಟಕ್ಕೆ ಹೆಗಲು ಕೊಟ್ಟು ನಿಂತಿತ್ತು, ಮಳೆಗೆ ಕರಗಿ ಕರಗಿ ಈಗ ಮನುಷ್ಯನ ಸೊಂಟಕ್ಕೆ ಬಂದಿತ್ತು. ಕೆಂಪರಾಜ್ ಅಲ್ಲಿ ಕೆಳಗೆ ಮಳಿಗೆ, ಮೇಲೆ ಕೋಣೆಗಳನ್ನು ಕಟ್ಟಬೇಕೆಂದಿದ್ದ. ಕೆಟ್ಟ ಮಗನೇನಲ್ಲ, ದೇವರು ದಿಂಡರು ಎಂದರೆ ಭಯಭಕ್ತಿ ಇದ್ದವನೇ. ಖಾಲಿ ಮಣ್ಣಿಗೆ ಕೈ ಮುಗಿಯುವುದು ಮಾತ್ರ ಅವನಿಗೆ ಆಗದು.

“ನೋಡಪ್ಪ, ನಾನು ಹುಟ್ದಾಗ್ಲಿಂದ ಕೇಳ್ತಿದೀನಿ, ಒಳಗೆ ಹಾವಿದೆ ಹಾವಿದೆ ಅಂತ,” ಎಂದು ಅವನು ಟೇಪನ್ನು ಸುತ್ತಿಕೊಳ್ಳುತ್ತ ಹೇಳಿದ. “ಒಂದೇ ಒಂದ್ಸಲ ಕಣ್ಣಿಗೆ ತೋರ್ಸು. ಷಷ್ಠಿ ಒಳಗೆ ತೋರಿಸ್ಬಿಟ್ರೆ ಈ ಮೂಲೆ ಬಿಟ್ಟೇ ಕಟ್ತೀನಿ. ಇಲ್ಲಾಂದ್ರೆ ಷಷ್ಠಿ ಮಾರನೇ ದಿನ ಜೆಸಿಬಿ ಬರುತ್ತೆ. ಆಮೇಲೆ ನನ್ನ ಬೈಬಾರ್ದು.”

“ತೋರಿಸ್ತೀನಿ ಬಿಡೋ. ನೋಡಿ ನಿನ್ನ ಎದೆ ಒಡೀದೆ ಇದ್ರೆ ಸಾಕು,” ಎಂದ ಬೈಲಪ್ಪ.

ಆ ಹುತ್ತದಲ್ಲಿ ಬೈಲಪ್ಪ ತನ್ನ ಜನ್ಮದಲ್ಲಿ ಕಂಡದ್ದು ಗೆದ್ದಲು, ಒಂದು ಹೆಗ್ಗಣ, ಒಮ್ಮೆ ಯಾವುದೋ ಕಾಲದಲ್ಲಿ ಒಂದು ಮುಂಗುಸಿಯ ಬಾಲ. ಹಾವನ್ನು ಕಂಡಿರಲಿಲ್ಲ. ಆದರೆ ಅವನ ಮದುವೆಯ ಹಸೆಗೆ ಮಣ್ಣು ತಂದದ್ದು ಇಲ್ಲಿಂದ. ಕೆಂಪರಾಜನ ಮದುವೆಗೂ ಇಲ್ಲಿಂದಲೇ. ಸುತ್ತಲ ಬೀದಿಗಳಲ್ಲಿ ಯಾರ ಮನೆಯಲ್ಲಿ ಚಪ್ಪರ ಎದ್ದರೂ ಹೆಂಗಸರು ತಟ್ಟೆ ಹಿಡಿದು, ಮೇಳದವರನ್ನು ಮುಂದಿಟ್ಟುಕೊಂಡು ಈ ಹಿತ್ತಲಿಗೇ ಬಂದು ಶಾಸ್ತ್ರಕ್ಕೆ ಒಂದು ಹಿಡಿ ಮಣ್ಣು ಕೀಳುತ್ತಿದ್ದರು. ಬದನೆಕಾಯಿ ಮಡಿ ಹೋಯಿತು, ಕಪಿಲೆ ಬಾವಿ ಹೋಯಿತು, ಬಾವಿಯ ಮೇಲೆ ಯಾರೋ ಬೇಕರಿ ಕಟ್ಟಿದರು. ಕಣ್ಣು ಕಟ್ಟಿ ಬಿಟ್ಟರೂ ಇದು ನಮ್ಮದು ಎಂದು ಕೈಯಿಂದ ಸವರಿ ಗುರುತು ಹಿಡಿಯಬಹುದಾಗಿದ್ದದ್ದು ಈ ಹುತ್ತ ಒಂದೇ. ಲೋಕದ ಮಾತೆಲ್ಲ ಬಾಯಲ್ಲಿದ್ದ ಬೈಲಪ್ಪನಿಗೆ ಇಷ್ಟನ್ನು ಮಗನಿಗೆ ಹೇಳಲು ಮಾತು ಬರಲಿಲ್ಲ. ಅದಕ್ಕೇ ಹಾವು ಎಂದದ್ದು.

ಕೆಲವು ದಿನ ಕಳೆದ ಮೇಲೆ, ಬಿಸಿಲು ಆಗತಾನೆ ಹಿತ್ತಲಿಗೆ ಇಳಿದಿದ್ದ ಹೊತ್ತಿನಲ್ಲಿ, ಬಾಡಿಗೆ ಕೋಣೆಯ ಅಮೃತಮ್ಮ ಬಂದು ಅವನೆದುರು ನಿಂತಳು. ಯಾದಗಿರಿ ಕಡೆಯವಳು. ಸಿ.ವಿ. ರಾಮನ್ ನಗರದಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು ಅಂದು ಬಟ್ಟೆ ಹರವಲು ಹಿತ್ತಲಿಗೆ ಹೋಗಿದ್ದಳು. ಕೈಯಲ್ಲಿ ಒದ್ದೆ ಸೀರೆ ಹಾಗೇ ಇತ್ತು.

“ಯಜಮಾನ್ರ, ಹುತ್ತದ ಬಾಜೂಕ ಹಗ್ಗ ಬಿದ್ದದ ಅಂತ ತಿಳದು ಎತ್ಲಾಕ ಬಗ್ಗಿದ್ದೆ ನೋಡ್ರಿ. ಅದು ನನ್ನ ಕಡಿ ಹೊಳ್ಳಿ ನೋಡ್ತು.”

ಬೈಲಪ್ಪ ಹೋಗಿ ನೋಡಿದ. ನೋಡಿದವನು ನಿಂತೇ ಇದ್ದ. ಅಷ್ಟು ಹೊತ್ತು ಅವನು ಸುಮ್ಮನೆ ನಿಂತದ್ದನ್ನು ಜೋಗುಪಾಳ್ಯ ಕಂಡಿರಲಿಲ್ಲ, ಆಕಾಶದ ಸೂರ್ಯನೂ ಆ ಸೋಜಿಗಕ್ಕೆ ಒಂದು ಗಳಿಗೆ ತಡೆದು ನಿಂತಿರಬೇಕು.

ಹುತ್ತದ ಬುಡದಲ್ಲಿ ಬಿಸಿಲಿಗೆ ಮೈ ಚಾಚಿ ಅದು ಮಲಗಿತ್ತು. ಎರಡು ಮೊಳ ಮುಟ್ಟದ ಉದ್ದ, ಉದ್ದಕ್ಕೆ ಸಲ್ಲದ ದಪ್ಪ. ಒಣಗಿದ ಹಲಸಿನೆಲೆಯ ಬಣ್ಣ, ಬೆನ್ನಿನ ಮೇಲೆ ಅಂಕುಡೊಂಕಾಗಿ ಓಡಿದ ಕಂದು ಪಟ್ಟೆ. ಚರ್ಮ ನುಣುಪಾಗಿರದೆ ಒರಟು ಒರಟು. ಮೂತಿಯನ್ನು ಯಾರೋ ಓರೆಯಾಗಿ ಕೊಯ್ದಂತಿತ್ತು. ಮೋಟು ಬಾಲದ ತುದಿಯೂ ಒಂದಿಷ್ಟು ಹಾರಿಹೋಗಿತ್ತು. ಹೆಜ್ಜೆ ಸದ್ದಿಗೆ ಅದು ಓಡಲಿಲ್ಲ, ಬುಸುಗುಟ್ಟಲಿಲ್ಲ. ನಿಧಾನವಾಗಿ ಸುತ್ತಿಕೊಂಡು, ತಲೆಯನ್ನು ಒಳಕ್ಕೆ ಎಳೆದುಕೊಂಡು, ಸೀರೆಯ ಗಂಟಿನಂತೆ ಉಂಡೆಯಾಯಿತು. ದಪ್ಪ ಮಾತ್ರ ಮುನಿಗಂಗಮ್ಮ ಹೇಳಿದ್ದಷ್ಟೇ ಇತ್ತು, ಮುಂಗೈಯಷ್ಟು.

ಅರ್ಧ ಬೀದಿ ಹಿತ್ತಲಲ್ಲಿ ಸೇರಿತು. ಅಂಗಡಿಯಿಂದ ಓಡಿಬಂದ ಕೆಂಪರಾಜ್ ಕನ್ನಡಕ ಒರೆಸಿಕೊಂಡು ನೋಡಿ, “ಹೆಡೆ ಎಲ್ಲಪ್ಪ?” ಎಂದ.

“ಮನೇಲಿ ಕೂತಾಗ ಯಾರಾದ್ರೂ ಪೇಟ ಸುತ್ಕೊಂಡಿರ್ತಾರೇನೋ?” ಎಂದ ಬೈಲಪ್ಪ. ಮಾತು ವಾಪಸು ಬಂದಿತ್ತು.

ಯಾರೋ ಇದು ಕೊಳಕುಮಂಡಲವಲ್ಲವೇ ಎಂದರು. ಕೊಳಕುಮಂಡಲವಾಗಿದ್ದರೆ ಅಮೃತಮ್ಮ ಈಗ ಬಟ್ಟೆ ಹರವುತ್ತಿದ್ದಳೇ ಎಂದು ಬೈಲಪ್ಪ ಕೇಳಿದ. ಬಾಲದ ತುದಿ ಎಲ್ಲಿ ಎಂದರು. ಗರುಡನ ಜೊತೆ ಹೊಡೆದಾಡಿದಾಗ ಹೋದದ್ದು, ಆ ಗರುಡ ಇವತ್ತಿಗೂ ಒಕ್ಕಣ್ಣನಾಗಿ ಹಲಸೂರು ಗೋಪುರದ ಮೇಲೆ ಸುತ್ತುತ್ತಿದೆ ಎಂದ. ಮುನಿಗಂಗಮ್ಮ ಕೂಡ ಬಂದು ನೋಡಿದಳು. ಕತ್ತರಿಸುವುದಕ್ಕೆ ಏನೂ ಸಿಗದೆ, ಒಂದು ತಟ್ಟೆ ಹಾಲು ತಂದಿಟ್ಟು ಒಳಗೆ ಹೋದಳು. ಕೆಂಪರಾಜ್ ಟೇಪನ್ನು ಜೇಬಿಗೆ ಹಾಕಿಕೊಂಡು ಹುತ್ತಕ್ಕೆ ಅಡ್ಡಬಿದ್ದ. ಹಾವು ಇರುವ ತನಕ ಈ ಮೂಲೆಯನ್ನು ಮುಟ್ಟುವುದಿಲ್ಲವೆಂದು ಅಲ್ಲೇ ಎಲ್ಲರೆದುರು ಹೇಳಿದ. ಜೆಸಿಬಿಯವನಿಗೆ ಮಾತ್ರ ಬೇರೆ ಕಡೆ ಪಾಯ ತೋಡಬೇಕು, ಬಾ ಎಂದ.

ಆಮೇಲೆ ಬಂದ ಜನವನ್ನು ಎಣಿಸಲು ಹೋದವರು ಹುಚ್ಚರಾದರು. ಕಮ್ಮನಹಳ್ಳಿಯಿಂದ ಬಂದರು, ಕೆ.ಆರ್. ಪುರದಿಂದ ಬಸ್ಸು ತುಂಬಿಕೊಂಡು ಬಂದರು. ಹಲಸೂರು ಸಂತೆಬೀದಿಯಲ್ಲಿ ಸೇವಂತಿಗೆ ಸಾಲದೆ ಹೂವಾಡಗಿತ್ತಿಯರು ಕಾಗದದ ಹೂವಿಗೂ ನೀರು ಚಿಮುಕಿಸಿ ಮಾರಿದರು. ಬೈಲಪ್ಪ ಹುತ್ತದ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಸುಬ್ಬರಾಯನ ವಂಶಾವಳಿ ಹೇಳಿದ. ಹಾವಿಗೆ ಅವನಿಟ್ಟ ಹೆಸರು ಅದು.

ಜನ ಹೋದ ಮೇಲೂ ಅವನು ಕೂತಿರುತ್ತಿದ್ದ. ಆಗ ಅವನಿಗೆ ಕಾಣಿಸಿದ್ದು ಬೇರೆ. ತಟ್ಟೆಯ ಹಾಲು ಹಾಗೇ ಒಡೆದು ಇರುವೆ ಮುತ್ತುತ್ತಿತ್ತು. ಕೋಳಿಮೊಟ್ಟೆ ಇಟ್ಟಲ್ಲೇ ಕೊಳೆಯುತ್ತಿತ್ತು. ಪಕ್ಕದ ಮನೆಯ ಮಹಡಿಯ ನೆರಳು ಬೇಗ ಬಂದು ಬಿಸಿಲನ್ನು ನುಂಗುತ್ತಿತ್ತು, ಹಾವು ನೆರಳಿನ ಅಂಚಿನ ಜೊತೆಗೇ ಒಂದಿಷ್ಟು ಸರಿದು, ಕೊನೆಗೆ ಸೋತು ಹುತ್ತದ ಬಾಯಿಯೊಳಗೆ ಇಳಿಯುತ್ತಿತ್ತು. ಆ ವರ್ಷದ ಚಳಿಯೋ, ಬೈಲಪ್ಪ ಮಾತಾಡಿದರೆ ಮಾತು ಹೆಪ್ಪುಗಟ್ಟಿ ಮೀಸೆಯ ಮೇಲೆ ಕೂರುವಂಥದ್ದು. ಅವನು ಯಾರೂ ನೋಡದಾಗ ಒಂದು ಗೋಣಿತಾಟು ತಂದು ಹುತ್ತದ ಬಾಯಿಗೆ ಇಳಿಬಿಟ್ಟ. ದಿನದಿಂದ ದಿನಕ್ಕೆ ಅದು ಹೊರಗೆ ಬರುವುದು ತಡವಾಗುತ್ತಿತ್ತು.

ಷಷ್ಠಿಗೆ ಎರಡು ದಿನ ಇದ್ದಾಗ, ಮಧ್ಯಾಹ್ನ ಜನವಿಲ್ಲದ ಹೊತ್ತು ನೋಡಿ ಒಬ್ಬ ಬಂದ. ಹಿಂದಿನ ಗಲ್ಲಿಯ ನಯಾಜ್. ಶಿವಾಜಿನಗರದ ಮಾರ್ಕೆಟ್ಟಿನ ಹತ್ತಿರ ಬಣ್ಣದ ಮೀನು, ಲವ್ ಬರ್ಡ್ಸ್ ಮಾರುವವನು. ಚಪ್ಪಲಿಯನ್ನು ದೂರ ಬಿಟ್ಟು ಬಂದು, ಹುತ್ತದ ಕಡೆ ಒಂದು ಸಲ ನೋಡಿ, ಬೈಲಪ್ಪನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಆ ಹಾವು ನಂದು.”

ಬೈಲಪ್ಪ ಮುತ್ತಜ್ಜನ ಕಾಲದಿಂದ ಶುರು ಮಾಡಿದ. ಮುತ್ತಜ್ಜ ನೇಗಿಲು ಹೂಡಿದಾಗ ಈ ಹಾವು ಎದ್ದು ನಿಂತು ನೊಗಕ್ಕೆ ಹೆಗಲು ಕೊಟ್ಟದ್ದು, ಟಿಪ್ಪುವಿನ ಕುದುರೆ ಇದನ್ನು ಕಂಡು ಮಂಡಿಯೂರಿದ್ದು, ಎಲ್ಲ ಹೇಳಿದ. ನಯಾಜ್ ನಡುವೆ ಬಾಯಿ ಹಾಕದೆ ಮರ್ಯಾದೆಯಿಂದ ಕೊನೆಯತನಕ ಕೇಳಿದ. ಆಮೇಲೆ ಕೇಳಿದ:

“ಬಾಲದ ತುದೀಲಿ ನೀಟಾಗಿ ಕಟ್ ಆಗಿರೋ ಗಾಯ ಇದೆ ಅಲ್ವಾ?”

“ಅದು ಗರುಡ...” ಎಂದ ಬೈಲಪ್ಪ.

ಅದು ಗರಗಸದ ಗಾಯವೆಂದು ನಯಾಜ್ ಹೇಳಿದ. ಹಳೇ ಮದ್ರಾಸು ರಸ್ತೆಯ ಒಂದು ಸಾಮಿಲ್ಲಿನಲ್ಲಿ ಅವನ ಭಾವ ಕೆಲಸ ಮಾಡುತ್ತಿದ್ದ. ಮಳೆಗಾಲದಲ್ಲಿ ಅಲ್ಲಿಗೆ ಎಲ್ಲೋ ದೊಡ್ಡ ಸಮುದ್ರದ ನಡುವಿನ ದ್ವೀಪಗಳಿಂದ ಮರದ ದಿಮ್ಮಿಗಳು ಬಂದಿದ್ದವು. ಸೀಳುವಾಗ ಒಂದು ಟೊಳ್ಳು ದಿಮ್ಮಿಯಿಂದ ಇದು ಬಿತ್ತು. ಹೊಡೆಯಲು ದೊಣ್ಣೆ ಎತ್ತಿದವರ ಕೈ ಹಿಡಿದು ಭಾವ ಇವನನ್ನು ಕರೆಸಿದ. ಹಾವಿನ ವಿಷಯ ಬಲ್ಲವರೊಬ್ಬರು ಮನೆಗೆ ಬಂದು ನೋಡಿ, ಇದು ಬೋವಾ ಜಾತಿಯದು, ಆ ದ್ವೀಪಗಳ ಕಾಡಿನಲ್ಲಿ ನೆಲದ ಮೇಲೆ, ಉದುರಿದ ಎಲೆಯ ಅಡಿಯಲ್ಲಿ ಇರುವಂಥದ್ದು, ವಿಷವಿಲ್ಲ, ಹಲ್ಲಿ ಇಲಿ ಹಿಡಿದು ತಿನ್ನುತ್ತದೆ ಎಂದಿದ್ದರು. ಮೀನಿನ ಗಾಜಿನ ತೊಟ್ಟಿಯಲ್ಲಿ ಒಣ ಎಲೆ ಹಾಸಿ, ಮೇಲೆ ಬಲ್ಬು ಹಚ್ಚಿ ಸಾಕಿದ್ದ. ಒಂದು ದಿನ ಮುಚ್ಚಳ ಸರಿದಿತ್ತು. ನನ್ನ ಹಾವು ನೋಡಿದಿರಾ ಎಂದು ಯಾರ ಮನೆ ಬಾಗಿಲು ತಟ್ಟುವುದು? ಮೋರಿ, ಗಲ್ಲಿ, ಕಸದ ರಾಶಿ ಎಲ್ಲ ಒಬ್ಬನೇ ಹುಡುಕಿದ್ದ.

“ನಮ್ಮ ಮನೇಲಿ ಬೇಗಂ ಅಂತೀವಿ,” ಎಂದ. “ಹೆಣ್ಣು ಅದು ಯಜಮಾನ್ರೇ. ಬಸುರಿ. ಮೊಟ್ಟೆ ಇಡಲ್ಲ ಇದು, ಮರೀನೇ ಹಾಕುತ್ತೆ. ಅದರ ಊರಲ್ಲಿ ಚಳಿ ಅನ್ನೋದೇ ಇಲ್ವಂತೆ. ನಾಳಿದ್ದು ಷಷ್ಠಿ, ಅಷ್ಟು ಜನ ತನಿ ಎರೆದ್ರೆ ಒಳಗೆಲ್ಲ ಕೆಸರಾಗುತ್ತೆ. ಈ ಚಳೀಲಿ ಒದ್ದೆ ಆದ್ರೆ ಉಳಿಯಲ್ಲ.”

ಬೈಲಪ್ಪ ಹುತ್ತವನ್ನೇ ನೋಡುತ್ತಿದ್ದ.

“ಜನರ ಮುಂದೆ ಬಂದು ಕೇಳೋದು ನನ್ನ ಕೈಲಿ ಆಗಲ್ಲ. ಅರಿಶಿನ ಕುಂಕುಮ ಹಾಕಿದಾರೆ, ನಾನು ಹೋಗಿ ಇದು ನನ್ನ ಮೀನಿನ ತೊಟ್ಟೀದು ಅನ್ನೋಕಾಗುತ್ತಾ? ನೀವು ಕೊಡಲ್ಲ ಅಂದ್ರೆ ಎದ್ದು ಹೋಗ್ತೀನಿ. ಯಾರಿಗೂ ಏನೂ ಹೇಳಲ್ಲ.”

ಅವನು ಎದ್ದು ಹೋಗಿಯೂ ಬಿಟ್ಟ. ಬೈಲಪ್ಪ ಕುರ್ಚಿಯಲ್ಲೇ ಉಳಿದ. ಹಾವನ್ನು ಕೊಟ್ಟರೆ ಹುತ್ತ ಖಾಲಿ. ಖಾಲಿ ಹುತ್ತಕ್ಕೆ ಕೆಂಪರಾಜ್ ಒಂದು ವಾರ ಕಾದಾನು, ಎರಡು ವಾರ ಕಾದಾನು, ಆಮೇಲೆ ಟೇಪು ಹೊರಗೆ ಬರುತ್ತದೆ. ಕೊಡದಿದ್ದರೆ ಅದು ಒಳಗೇ ತಣ್ಣಗಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸತ್ತ ಹಾವಿನ ಮೇಲೆ ಹುತ್ತ ಇನ್ನೂ ಮೂರು ತಲೆಮಾರು ಗಟ್ಟಿಯಾಗಿ ನಿಲ್ಲುತ್ತದೆ.

ಸಂಜೆ ಮುದ್ದೆ ಮುರಿಯುತ್ತ ಅವನು ಹೆಂಡತಿಯನ್ನು ಕೇಳಿದ, ಕೆಂಪರಾಜ್ ಹುಟ್ಟಿದ್ದು ಚಳಿಗಾಲದಲ್ಲಲ್ಲವೇ ಎಂದು. ಧನುರ್ಮಾಸ ಎಂದಳು ಮುನಿಗಂಗಮ್ಮ.

“ನಿನಗೂ ಮಗೂಗೂ ಬೆಚ್ಚಗಿರ್ಲಿ ಅಂತ ಒಂದು ಹುಣಸೇಮರಾನೇ ಕಡಿದು ಸುಟ್ಟಿದ್ದೆ, ನೆನಪಿದೆಯಾ?”

“ಒಂದು ಬುಟ್ಟಿ ಬೆರಣಿ,” ಎಂದಳು ಅವಳು. ಸಾರು ಬಡಿಸುತ್ತ, “ಆದ್ರೆ ಬೆಳಕು ಹರಿಯೋ ತನಕ ನೀನೇ ಊದ್ತಾ ಕೂತಿದ್ದೆ,” ಎಂದು ಸೇರಿಸಿದಳು.

ಮರುದಿನ ಮಧ್ಯಾಹ್ನ ಕೆಂಪರಾಜ್ ಅಂಗಡಿಯಲ್ಲಿದ್ದ, ಬೀದಿಯ ಹೆಂಗಸರು ಷಷ್ಠಿಗೆ ಹೂವು ಹಣ್ಣು ತರಲು ಹೋಗಿದ್ದರು. ಬೈಲಪ್ಪ ತಾನೇ ಹಿಂದಿನ ಗಲ್ಲಿಗೆ ಹೋಗಿ ನಯಾಜನನ್ನು ಕರೆದುಕೊಂಡು ಬಂದ. ನಯಾಜ್ ಗೋಣಿತಾಟು ಸರಿಸಿ, ಹುತ್ತದ ಬಾಯೊಳಗೆ ಕೈ ಹಾಕಿದ. ಮೊಣಕೈ ಹೋಯಿತು, ಭುಜದ ತನಕ ಹೋಯಿತು. ಬಾಯಿಯ ಅಂಚಿನ ಮಣ್ಣು ಒಡೆದು ಬಿತ್ತು. ಕೊನೆಗೆ ಮೆಲ್ಲಗೆ ಹೊರಗೆ ತೆಗೆದದ್ದು ಒಂದು ಉಂಡೆ. ತಲೆ ಎಲ್ಲಿ, ಬಾಲ ಎಲ್ಲಿ ಎಂದು ತಿಳಿಯದ ಹಾಗೆ ಬಿಗಿದುಕೊಂಡಿತ್ತು.

“ಜೀವ ಇದೆಯಾ?” ಎಂದು ಬೈಲಪ್ಪ ಕೇಳಿದ.

“ಹಿಡ್ಕೊಂಡು ನೋಡಿ. ಚೀಲ ಬಿಚ್ತೀನಿ ಅಷ್ಟರಲ್ಲಿ.”

ಬೈಲಪ್ಪ ಕಾಳಿಂಗಗಳನ್ನು ಪಂಚೆಯ ಹಾಗೆ ಒದರಿ ಮಡಚಿಟ್ಟವನು. ಹಾಗೆಂದು ಎಷ್ಟೋ ಸಲ ಹೇಳಿದ್ದ. ನಿಜವಾದ ಹಾವೊಂದು ಅವನ ಕೈಗೆ ಬಂದದ್ದು ಇದೇ ಮೊದಲು. ಬಾವಿಯ ತಳದ ಕಲ್ಲಿನಂತೆ ಅದು ಕೊರೆಯುತ್ತಿತ್ತು. ಅವನು ಎಡಗೈಯಲ್ಲಿ ಅಂಗಿಯ ಗುಂಡಿ ಬಿಚ್ಚಿ, ಬರಿಯ ಹೊಟ್ಟೆಗೆ ಅದನ್ನು ಒತ್ತಿಕೊಂಡು, ಮೇಲೆ ಟವೆಲು ಮುಚ್ಚಿ ನಿಂತ. ಆ ಹೊಟ್ಟೆಯ ಶಾಖಕ್ಕೆ ಹಲಸೂರು ಕೆರೆ ಕುದಿಯುತ್ತದೆಂದು ಅವನೇ ಒಮ್ಮೆ ಹೇಳಿದ್ದ. ಕೆರೆಯ ಮಾತು ಗೊತ್ತಿಲ್ಲ, ಹಾವು ಮಾತ್ರ ಒಂದು ಸುತ್ತು ಸಡಿಲಿಸಿತು. ಇನ್ನೊಂದು ಸುತ್ತು ಸಡಿಲಿಸಿತು. ಓರೆ ಮೂತಿ ಹೊರಗೆ ಬಂದು ಅವನ ಹೊಕ್ಕುಳ ಹತ್ತಿರ ನಾಲಗೆ ಆಡಿಸಿತು. ಒರಟು ಚರ್ಮದ ಕೆಳಗೆ ತುಂಬಿದ ಹೊಟ್ಟೆಯ ಭಾರ ಅವನ ಅಂಗೈಗೆ ತಿಳಿಯಿತು.

ನಯಾಜ್ ಅದನ್ನು ಬಟ್ಟೆಚೀಲಕ್ಕೆ ಇಳಿಸಿ, ಚೀಲವನ್ನು ಸ್ವೆಟರಿನ ಒಳಗೆ ಇಟ್ಟುಕೊಂಡು, ಏನೋ ಹೇಳಲು ಬಾಯಿ ತೆರೆದ. ಬೈಲಪ್ಪ ಹೋಗು ಹೋಗು ಎಂದು ಕೈ ಬೀಸಿದ. ತಿರುಗಿದಾಗ ಹಿತ್ತಲ ಬಾಗಿಲಲ್ಲಿ ಮುನಿಗಂಗಮ್ಮ ಮೊರ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವರೆಕಾಳನ್ನು ಒಮ್ಮೆ ಕೇರಿ ಅವಳು ಒಳಗೆ ಹೋದಳು.

ಷಷ್ಠಿಯ ದಿನ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ತನಿ ಎರೆದ ಹಾಲು ಹೊಳೆಯಾಗಿ ಹರಿದು ಮೋರಿ ಸೇರಿ, ಬೈಯಪ್ಪನಹಳ್ಳಿಯವರೆಗಿನ ಬೆಕ್ಕುಗಳೆಲ್ಲ ಅಂದು ಉಪವಾಸ ಮುರಿದವು. ಬೈಲಪ್ಪ ಕುರ್ಚಿಯಲ್ಲಿ ಕೂತಿದ್ದ, ಆದರೆ ವಂಶಾವಳಿ ಹೇಳುತ್ತಿರಲಿಲ್ಲ. ಜನ ಹುತ್ತದ ಬಾಯಿಯನ್ನು ಬಗ್ಗಿ ಬಗ್ಗಿ ನೋಡಿದರು. ಏನೂ ಕಾಣಲಿಲ್ಲ. ಅಂಚು ಒಡೆದಿರುವುದನ್ನು ಕಂಡವರು ಹಾವು ಬಿಟ್ಟುಹೋಯಿತೇನೋ ಎಂದು ಗುಸುಗುಸು ಮಾಡಿದರು. ಆ ಗುಸುಗುಸು ಕೆಂಪರಾಜನಿಗೂ ತಲುಪಿತು. ಅವನು ಒದ್ದೆ ಪಂಚೆಯಲ್ಲಿ ಬಂದು ಅಪ್ಪನ ಮುಂದೆ ನಿಂತ, ಕೈಯಲ್ಲಿ ಫೋನಿತ್ತು.

“ಜೆಸಿಬಿಯವನು ಕೇಳ್ತಾವ್ನೆ, ನಾಳೆ ಎಲ್ಲಿಂದ ತೋಡೋದು ಅಂತ. ಹೇಳಪ್ಪ, ಇವತ್ತು ನೋಡಿದ್ಯಾ ನೀನು? ಇದೆಯಾ ಒಳಗೆ?”

“ಇದೆ,” ಎಂದ ಬೈಲಪ್ಪ.

ಜನ ಕಾದರು. ಇನ್ನೂ ಮಾತು ಬರುತ್ತದೆ ಎಂದು ಕಾದರು. ಬೈಲಪ್ಪನ ಅಂಗೈ ಇನ್ನೂ ಆ ಭಾರವನ್ನು ಹಿಡಿದುಕೊಂಡಿತ್ತು. ಅದಕ್ಕಿಂತ ದೊಡ್ಡದೇನೂ ಅವನ ಬಾಯಿಗೆ ಬರಲಿಲ್ಲ.

“ಎಷ್ಟಿದೆ?” ಎಂದ ಕೆಂಪರಾಜ್.

“ಮುಂಗೈಯಷ್ಟು... ಮುಂಗೈಯಷ್ಟಿರಬೇಕು.”

ಬೈಲಪ್ಪನ ಬಾಯಿಂದ ಸಣ್ಣ ಮಾತು ಬಿದ್ದದ್ದನ್ನು ಕೇಳಿ, ಅವನಿಗೆ ಮೈ ಸರಿಯಿಲ್ಲವೇನೋ ಎಂದು ಒಬ್ಬಳು ಹಣೆ ಮುಟ್ಟಿ ನೋಡಲು ಮುಂದೆ ಬಂದಳು. ಕೆಂಪರಾಜ್ ಅಪ್ಪನ ಮುಖವನ್ನು ದಿಟ್ಟಿಸಿದ. ಆಮೇಲೆ ಹುತ್ತವನ್ನು ನೋಡಿದ. ಫೋನಿನ ಗುಂಡಿಯ ಮೇಲೆ ಅವನ ಹೆಬ್ಬೆರಳು ಹೋಯಿತು.

“ಮುಂಗೈಯಂತೆ,” ಎಂದಳು ಮುನಿಗಂಗಮ್ಮ. ಹಾಲಿನ ಚೆಂಬು ಹಿಡಿದು ಅವಳು ಜನರ ಹಿಂದಿನಿಂದ ಬರುತ್ತಿದ್ದಳು, ದಾರಿ ತಾನಾಗಿ ಬಿಟ್ಟುಕೊಂಡಿತು. “ವಯಸ್ಸಾಯ್ತು, ಕಣ್ಣು ಮಂಜು ನಿಮ್ಮಪ್ಪಂಗೆ. ಬೆಳಗ್ಗೆ ರಂಗೋಲಿ ಹಾಕೋವಾಗ ನಾನು ನೋಡ್ದೆ. ಹಾಲು ಕುಡಿದು ಕುಡಿದು ತೊಡೆಯಷ್ಟು ದಪ್ಪ ಆಗಿದೆ.”

ಕೆಂಪರಾಜ್ ಅಮ್ಮನನ್ನು ನೋಡಿದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾವ ಅವಸರವೂ ಇಲ್ಲದೆ ಹುತ್ತಕ್ಕೆ ಹಾಲು ಎರೆದಳು. ಅವನು ಫೋನನ್ನು ಕಿವಿಗಿಟ್ಟುಕೊಂಡು, ಆ ಮೂಲೆ ಬಿಟ್ಟು ಈ ಕಡೆಯಿಂದ ತೋಡಪ್ಪ ಎಂದು ಹೇಳುತ್ತ ತೆಂಗಿನಕಾಯಿ ಒಡೆಯಲು ಹೋದ.

ಜನವೆಲ್ಲ ಚೆದುರಿದ ಮೇಲೆ ಹಿತ್ತಲಲ್ಲಿ ಇಬ್ಬರೇ ಉಳಿದರು. ಮುನಿಗಂಗಮ್ಮ ಮಂಡಿಯೂರಿ ಕೂತು, ಕೆಳಗೆ ಬಿದ್ದಿದ್ದ ಮಣ್ಣನ್ನು ಹಾಲಿನಲ್ಲೇ ಕಲಸಿ, ನಯಾಜನ ತೋಳಿಗೆ ಒಡೆದಿದ್ದ ಅಂಚಿಗೆ ಮೆತ್ತತೊಡಗಿದಳು. ಬೈಲಪ್ಪ ಬರಿದಾದ ಚೆಂಬು ಹಿಡಿದು ಪಕ್ಕದಲ್ಲಿ ನಿಂತಿದ್ದ. ತೆಂಗಿನಮರದ ನೆತ್ತಿಗೆ ತಾಗುವಂತೆ ಒಂದು ವಿಮಾನ ಇಳಿದುಹೋಯಿತು. ಅವನು ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಅವಳ ಕೈಯನ್ನೇ ನೋಡತೊಡಗಿದ. ಅವಳು ಅಂಗೈ ಒದ್ದೆ ಮಾಡಿಕೊಂಡು, ಹಸೆಯ ನೆಲ ಸಾರಿಸುವ ಹಾಗೆ, ಹುತ್ತದ ಬಾಯಿಯ ಸುತ್ತ ನಿಧಾನವಾಗಿ ಸವರುತ್ತಿದ್ದಳು.